ಮಿಲಿಟರಿ ಪೊಲೀಸರು ತಡೆದು ನಿಲ್ಲಿಸಿದರೆ: ನಾಗರಿಕರ ಮೇಲೆ ಅವರ ಅಧಿಕಾರ ಎಲ್ಲಿಯವರೆಗೆ?

"ಕೆಂಪು ಟೋಪಿಯವರು ಬೈಕ್ ನಿಲ್ಲಿಸಿ ಲೈಸೆನ್ಸ್ ಕೇಳಿದರು, ಕೊಡಬೇಕಿತ್ತಾ?" "ಕ್ಯಾಂಪಿನ ಗೋಡೆ ಪಕ್ಕ ಫೋಟೊ ತೆಗೆದೆ ಅಂತ ಫೋನ್ ಇಸ್ಕೊಂಡರು, ಅದು ಸರಿಯಾ?" "ತಮ್ಮ ರಜೆ ಮುಗಿದರೂ ಯೂನಿಟ್‌ಗೆ ಹೋಗಿಲ್ಲ, ಮಿಲಿಟರಿ ಪೊಲೀಸರು ಮನೆಯೊಳಗೆ ಬರಬಹುದಾ?"

ಈ ಮೂರು ಪ್ರಶ್ನೆಗಳು ಬೇರೆ ಬೇರೆ ಊರುಗಳಿಂದ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಬೇಕಿದ್ದವರಿಗೆ: ಮಿಲಿಟರಿ ಪೊಲೀಸರು ಸೈನಿಕರಿಗಾಗಿ ಇರುವ ಪೊಲೀಸರು. ಅವರ ಬಂಧನದ ಅಧಿಕಾರ ಸೇನಾ ಕಾಯ್ದೆಗೆ ಒಳಪಟ್ಟ ವ್ಯಕ್ತಿಯ ಮೇಲೆ ಮಾತ್ರ ನಡೆಯುತ್ತದೆ. ನೀವು ಆ ಕಾಯ್ದೆಗೆ ಒಳಪಟ್ಟವರಲ್ಲದಿದ್ದರೆ, ನಿಮ್ಮ ಮುಂದೆ ಅವರಿಗೆ ಇರುವುದು ಸಾಮಾನ್ಯ ಪ್ರಜೆಗಿರುವ ಅಧಿಕಾರ ಮತ್ತು ಗೇಟು ಕಾಯುವವನ ಅಧಿಕಾರ, ಇಷ್ಟೇ. ಆದರೆ ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಂಡೇ ಹೆಚ್ಚಿನವರು ಸಿಕ್ಕಿಬೀಳುವುದು. ದೊಡ್ಡ ಉತ್ತರ ಬೇಕಿದ್ದವರು ಮುಂದೆ ಓದಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಸೇನಾ ನೆಲೆಯ ಆಸುಪಾಸಿನಲ್ಲಿ ಮನೆ, ಕೆಲಸ ಅಥವಾ ದಿನನಿತ್ಯದ ಓಡಾಟ ಇರುವವರು ಫೋಟೊ ಇರುವ ಒಂದು ಗುರುತಿನ ಚೀಟಿ ಇಟ್ಟುಕೊಳ್ಳಿ. ವಾಹನದ ದಾಖಲೆ ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಆ ಜಾಗ ಯಾವ ಪೊಲೀಸ್ ಠಾಣೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ಗೊತ್ತಿರಲಿ. ತುರ್ತು ಸಂಖ್ಯೆ 112 ನೆನಪಿರಲಿ. ಒಳಗೆ ಕೆಲಸಕ್ಕೆ ಹೋಗುವವರಾದರೆ ಪಾಸಿನ ಎರಡೂ ಬದಿಯ ಫೋಟೊ ಮನೆಯವರ ಬಳಿಯೂ ಇರಲಿ. ಪಾಸಿನ ಹಿಂಬದಿಯಲ್ಲಿ ಮುದ್ರಿಸಿರುವ ಷರತ್ತುಗಳನ್ನು ಯಾರೂ ಓದುವುದಿಲ್ಲ. ಓದಿ, ಫೋನ್ ಒಳಗೆ ಒಯ್ಯಬಹುದೇ ಎಂಬುದು ಬಹುತೇಕ ಅಲ್ಲೇ ಬರೆದಿರುತ್ತದೆ.

ಹಂತ 1: ಎದುರಿಗೆ ನಿಂತವರು ಯಾರು ಅಂತ ಗುರುತಿಸಿ

ಕೋವಿ ಹಿಡಿದವರೆಲ್ಲ ಮಿಲಿಟರಿ ಪೊಲೀಸರಲ್ಲ. ಭೂಸೇನೆಯ ಮಿಲಿಟರಿ ಪೊಲೀಸ್ ದಳದವರನ್ನು ಕೆಂಪು ಬೆರೆ ಟೋಪಿ, ಬಿಳಿ ಬೆಲ್ಟು ಮತ್ತು ತೋಳಿನ ಮೇಲಿನ 'ಎಂಪಿ' ಪಟ್ಟಿಯಿಂದ ಗುರುತಿಸಬಹುದು. ಅವರ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. 2021ರ ಮೇ ತಿಂಗಳಲ್ಲಿ ಮಹಿಳಾ ಮಿಲಿಟರಿ ಪೊಲೀಸರ ಮೊದಲ ತಂಡ, 83 ಮಂದಿ, ತರಬೇತಿ ಮುಗಿಸಿ ಹೊರಬಂದದ್ದೂ ಅಲ್ಲಿಂದಲೇ. ಹಾಗಾಗಿ ಕೆಂಪು ಟೋಪಿಯಡಿ ಹೆಣ್ಣುಮಕ್ಕಳನ್ನು ಕಂಡು 'ಇವರು ಬೇರೆ ಯಾರೋ' ಅಂದುಕೊಳ್ಳಬೇಡಿ. ವಾಯುಪಡೆಗೂ ನೌಕಾಪಡೆಗೂ ಇದೇ ಕೆಲಸಕ್ಕೆ ತಮ್ಮದೇ ಸಿಬ್ಬಂದಿ ಇದ್ದಾರೆ. ಅವರು ನಡೆಯುವುದು ವಾಯುಪಡೆ ಕಾಯ್ದೆ 1950 ಮತ್ತು ನೌಕಾಪಡೆ ಕಾಯ್ದೆ 1957ರ ಪ್ರಕಾರ. ಜಾಲಹಳ್ಳಿಯಲ್ಲಿ ಒಂದು, ಕಾರವಾರದಲ್ಲಿ ಇನ್ನೊಂದು ಅನ್ವಯವಾಗುತ್ತದೆ. ನಾಗರಿಕರ ವಿಷಯದಲ್ಲಿ ಮೂಲ ತತ್ವ ಎಲ್ಲ ಕಡೆ ಒಂದೇ ಆಗಿರುವುದರಿಂದ ಇಲ್ಲಿ ಭೂಸೇನೆಯನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಗೊಂದಲವಾಗುವುದು ಇವರ ಜೊತೆ:

ಸಿಐಎಸ್‌ಎಫ್, ಅಂದರೆ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ. ವಿಮಾನ ನಿಲ್ದಾಣ, ಸರ್ಕಾರಿ ಕಾರ್ಖಾನೆಗಳಲ್ಲಿ ಕಾಣುವವರು. ಇವರು ಸೇನೆಯವರಲ್ಲ. ಆದರೆ 1968ರ ತಮ್ಮದೇ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕೆಲವು ಸಂದರ್ಭಗಳಲ್ಲಿ ನಾಗರಿಕರನ್ನೂ ವಾರಂಟ್ ಇಲ್ಲದೆ ಬಂಧಿಸಬಲ್ಲರು. ಈ ಲೇಖನ ಓದಿಕೊಂಡು ಅವರ ಮುಂದೆ ವಾದಕ್ಕೆ ನಿಂತೀರಿ ಜೋಕೆ.

ಡಿಎಸ್‌ಸಿ, ಅಂದರೆ ರಕ್ಷಣಾ ಭದ್ರತಾ ದಳ. ಗೇಟು, ಡಿಪೊ ಕಾಯುವವರು, ಬಹುಪಾಲು ಮಾಜಿ ಸೈನಿಕರು. ಇವರು ಕಾವಲಿನವರು, ಮಿಲಿಟರಿ ಪೊಲೀಸರಲ್ಲ.

ರಾಜ್ಯದ ಸಶಸ್ತ್ರ ಪೊಲೀಸರು. ನಮ್ಮ ಕೆಎಸ್‌ಆರ್‌ಪಿ ಪೂರ್ತಿ ರಾಜ್ಯ ಪೊಲೀಸ್. ಹೆಸರು ನೋಡಿ ಮೋಸಹೋಗುವಂಥ ಉದಾಹರಣೆಯೂ ಇದೆ: ಬಿಹಾರದಲ್ಲಿ 'ಬಿಹಾರ ಮಿಲಿಟರಿ ಪೊಲೀಸ್' ಅಂತ ಇತ್ತು. ಅದು ಸೇನೆಗೆ ಸೇರಿದ್ದಲ್ಲ, ರಾಜ್ಯದ ಪಡೆ. 2021ರಲ್ಲಿ ಅದರ ಹೆಸರನ್ನೇ ಬದಲಿಸಿದರು.

ನಿಂತವರು ಯಾರೆಂದು ಗೊತ್ತಾಗದಿದ್ದರೆ ಕೇಳಿ. ಹೆಸರು, ದರ್ಜೆ, ಘಟಕ ಕೇಳುವುದು ತಪ್ಪಲ್ಲ, ಕೇಳುವ ಧಾಟಿ ಮಾತ್ರ ಸರಿಯಿರಲಿ. ವಾಟ್ಸಾಪಿನಲ್ಲಿ ಬಂದ ಸೇನಾ ಗುರುತಿನ ಚೀಟಿಯ ಫೋಟೊ ಯಾವುದಕ್ಕೂ ಪುರಾವೆಯಲ್ಲ. ಅಂಥ ಚೀಟಿ ತೋರಿಸಿ ಹಣ ಕೇಳುವವರು ವಂಚಕರೆಂದೇ ತಿಳಿಯಿರಿ.

ಹಂತ 2: ನೀವು ಸೇನಾ ಕಾಯ್ದೆಗೆ ಒಳಪಟ್ಟವರೇ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಮಿಲಿಟರಿ ಪೊಲೀಸರ ಅಧಿಕಾರದ ಬೇರು ಸೇನಾ ಕಾಯ್ದೆ 1950ರ 107ನೇ ಸೆಕ್ಷನ್‌ನಲ್ಲಿದೆ. ಅದು ಹೇಳುವುದು 'ಪ್ರೊವೋಸ್ಟ್ ಮಾರ್ಷಲ್' ಬಗ್ಗೆ. ಸೇನೆಯೊಳಗೆ ಶಿಸ್ತು ಕಾಯಲು ನೇಮಕವಾದ ಅಧಿಕಾರಿ ಆತ, ಆತನ ಪರವಾಗಿ ಕೆಲಸ ಮಾಡುವವರೂ ಆ ಮಾತಿನಲ್ಲೇ ಸೇರುತ್ತಾರೆ. ಅಪರಾಧ ಮಾಡಿದ ಅಥವಾ ಆರೋಪ ಹೊತ್ತ, 'ಈ ಕಾಯ್ದೆಗೆ ಒಳಪಟ್ಟ ಯಾವುದೇ ವ್ಯಕ್ತಿ'ಯನ್ನು ಆತ ಬಂಧಿಸಬಹುದು. ತನ್ನಿಷ್ಟಕ್ಕೆ ತಾನೇ ಶಿಕ್ಷೆ ಕೊಡುವಂತಿಲ್ಲ ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಸೈನಿಕನಿಗೇ ಸ್ಥಳದಲ್ಲಿ ಶಿಕ್ಷೆ ಕೊಡುವ ಅಧಿಕಾರ ಇಲ್ಲದವರು ದಾರಿಹೋಕನಿಗೆ ಬಸ್ಕಿ ಹೊಡೆಸುವುದಕ್ಕೆ ಕಾನೂನಿನ ಆಧಾರ ಎಲ್ಲಿಂದ ಬರಬೇಕು?

ಒಳಪಟ್ಟವರು ಯಾರು ಎಂಬ ಪಟ್ಟಿ 2ನೇ ಸೆಕ್ಷನ್‌ನಲ್ಲಿದೆ. ಸೇವೆಯಲ್ಲಿರುವ ಅಧಿಕಾರಿಗಳು, ಜೆಸಿಒಗಳು (ಜೂನಿಯರ್ ಕಮಿಷನ್ಡ್ ಅಧಿಕಾರಿಗಳು), ಜವಾನರು, ಕರ್ತವ್ಯಕ್ಕೆ ಕರೆಸಿಕೊಂಡ ಪ್ರಾದೇಶಿಕ ಸೇನೆಯವರು ಅದರಲ್ಲಿದ್ದಾರೆ. ಇನ್ನು ಓದುಗರು ಪದೇ ಪದೇ ಕೇಳುವವರ ಕಡೆ ಬರೋಣ.

ಸೈನಿಕನ ಹೆಂಡತಿ, ಮಕ್ಕಳು, ತಂದೆತಾಯಿ: ಕ್ವಾರ್ಟರ್ಸ್‌ನಲ್ಲೇ ಇದ್ದರೂ ನಾಗರಿಕರೇ. ಕ್ವಾರ್ಟರ್ಸ್, ಕ್ಯಾಂಟೀನ್ ಕಾರ್ಡಿನ ವಿಷಯದಲ್ಲಿ ಆಡಳಿತಾತ್ಮಕ ಕ್ರಮ ಆಗಬಹುದು, ಅದು ಬಂಧನಕ್ಕಿಂತ ಬೇರೆ ಸಂಗತಿ.

ರಕ್ಷಣಾ ಇಲಾಖೆಯ ನಾಗರಿಕ ನೌಕರರು, ಗುತ್ತಿಗೆದಾರರು, ಅಡುಗೆಯವರು, ಧೋಬಿಗಳು: ಸಾಮಾನ್ಯ ದಿನಗಳಲ್ಲಿ ನಾಗರಿಕರು. ಆದರೆ ಇಲ್ಲೊಂದು ಗಂಟು ಇದೆ. ಸೇನೆಯ ತುಕಡಿಯೊಂದು 'ಸಕ್ರಿಯ ಸೇವೆ'ಯಲ್ಲಿದ್ದಾಗ, ಅಂದರೆ ಯುದ್ಧ ಕಾರ್ಯಾಚರಣೆಯಂಥ ಸಂದರ್ಭದಲ್ಲಿ, ಅಥವಾ ಶಿಬಿರದಲ್ಲಿ, ನಡಿಗೆಯಲ್ಲಿ, ಅಧಿಸೂಚಿತ ಗಡಿ ಠಾಣೆಯಲ್ಲಿದ್ದಾಗ ಅದರ ಜೊತೆಗಿರುವ ನೌಕರರೂ ಹಿಂಬಾಲಕರೂ ಸೇನಾ ಕಾಯ್ದೆಯೊಳಗೆ ಬರುತ್ತಾರೆ. ಗಡಿಯ ಕಡೆ ಕಾಮಗಾರಿ ಗುತ್ತಿಗೆ ಹಿಡಿದು ಹೋಗುವವರು ಕರಾರಿಗೆ ಸಹಿ ಹಾಕುವ ಮೊದಲು ಈ ಮಾತನ್ನು ವಕೀಲರಲ್ಲಿ ಕೇಳಿಯೇ ಹೋಗಿ.

ಮಾಜಿ ಸೈನಿಕರು: ನಿವೃತ್ತಿಯ ನಂತರದ ಕೃತ್ಯಕ್ಕೆ ನಾಗರಿಕರಂತೆಯೇ. ಸೇವೆಯಲ್ಲಿದ್ದಾಗಿನ ಅಪರಾಧಕ್ಕೆ ಮಾತ್ರ, 123ನೇ ಸೆಕ್ಷನ್ ಪ್ರಕಾರ, ಬಿಡುಗಡೆಯಾದ 3 ವರ್ಷದೊಳಗೆ ವಿಚಾರಣೆ ಆರಂಭವಾಗುವುದಾದರೆ ಸೇನಾ ವಶಕ್ಕೆ ತೆಗೆದುಕೊಳ್ಳಬಹುದು. ಸೇನೆಯಿಂದ ಓಡಿಹೋಗುವುದು, ದಂಗೆ, ಮೋಸದಿಂದ ಭರ್ತಿಯಾಗುವುದು, ಇವಕ್ಕೆ ಆ 3 ವರ್ಷದ ಮಿತಿಯೂ ಇಲ್ಲ.

ಹಂತ 3: ನೀವು ನಿಂತಿರುವ ಜಾಗ ಯಾವುದು?

ಜಾಗ ಬದಲಾದರೆ ಮಿಲಿಟರಿ ಪೊಲೀಸರ ಅಧಿಕಾರ ತಾನಾಗಿ ಹಿಗ್ಗುವುದಿಲ್ಲ. ಆದರೆ ನಿಮಗೆ ಅಲ್ಲಿರುವ ಹಕ್ಕು ಕುಗ್ಗುತ್ತದೆ. ಈ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಗೊಂದಲ ತೀರಿತು.

ಸಾರ್ವಜನಿಕ ರಸ್ತೆ. ಒಂದು ಸಾಮಾನ್ಯ ದೃಶ್ಯ ಹೇಳುತ್ತೇನೆ. ತಲೆಗೂದಲು ಮೋಟಾಗಿ ಕತ್ತರಿಸಿಕೊಂಡ ಹುಡುಗ, ಬೈಕಿನ ಹಿಂದೆ 'ಆರ್ಮಿ' ಅಂತ ಸ್ಟಿಕರ್, ಹೆಲ್ಮೆಟ್ ಮೊಣಕೈಗೆ ನೇತುಬಿದ್ದಿದೆ. ಕೆಂಪು ಟೋಪಿಯವರು ಕೈ ಅಡ್ಡ ಹಾಕಿ ಕೇಳುವ ಮೊದಲ ಪ್ರಶ್ನೆ: "ಫೌಜಿ ಹೋ ಕ್ಯಾ? ಐಕಾರ್ಡ್ ದಿಖಾವೋ." ಅವರು ಹುಡುಕುತ್ತಿರುವುದು ರಜೆ ಚೀಟಿಯಿಲ್ಲದೆ, ಹೆಲ್ಮೆಟ್ ಇಲ್ಲದೆ ತಿರುಗುವ ಸೈನಿಕನನ್ನು. "ಇಲ್ಲ, ನಾನು ಸಿವಿಲಿಯನ್" ಅಂತ ಹೇಳಿ ಯಾವುದಾದರೂ ಗುರುತಿನ ಚೀಟಿ ತೋರಿಸಿದರೆ ತೊಂಬತ್ತು ಪಾಲು ಅಲ್ಲಿಗೇ ಮುಗಿಯುತ್ತದೆ. ತೋರಿಸಲೇಬೇಕೆಂಬ ಕಾನೂನು ಇದೆಯೇ? ಮೋಟಾರು ವಾಹನ ಕಾಯ್ದೆ 1988ರ 130ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಕೇಳಿದ ಕೂಡಲೇ ತೋರಿಸಬೇಕಾದದ್ದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ. ಮಿಲಿಟರಿ ಪೊಲೀಸರಿಗೆ ದಂಡ ಹಾಕುವ, ಲೈಸೆನ್ಸ್ ಇಟ್ಟುಕೊಳ್ಳುವ, ನಾಗರಿಕನ ಗಾಡಿ ಜಪ್ತಿ ಮಾಡುವ ಅಧಿಕಾರ ಆ ಕಾಯ್ದೆಯಲ್ಲಿಲ್ಲ. ಹಾಗಿದ್ದರೂ ನನ್ನ ಸಲಹೆ, ತೋರಿಸಿ, ಆದರೆ ಕೈಗೆ ಕೊಡಬೇಡಿ. ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಅರ್ಧ ದಿನಕ್ಕೆ ಎಳೆಯುವುದರಲ್ಲಿ ಯಾವ ಗೆಲುವೂ ಇಲ್ಲ. ಸೈನಿಕರಲ್ಲದವರು ಆ ಸ್ಟಿಕರ್ ಕಿತ್ತುಹಾಕಿದರೆ ಇನ್ನೂ ಒಳ್ಳೆಯದು.

ಸೇನಾ ವಾಹನಗಳ ಸಾಲು ಹೋಗುವಾಗ ಮಿಲಿಟರಿ ಪೊಲೀಸರು ಸಂಚಾರ ನಿಲ್ಲಿಸುವುದುಂಟು. ನಿಲ್ಲಿ. ನಡುವೆ ತೂರಿದರೆ ದಂಡ ಬೀಳದಿದ್ದರೂ ಲಾರಿಯ ಚಕ್ರಕ್ಕೆ ಕಾಯ್ದೆ ಗೊತ್ತಿರುವುದಿಲ್ಲ.

ದಂಡು ಪ್ರದೇಶ. ಕಂಟೋನ್ಮೆಂಟ್ ಎನ್ನುವುದಕ್ಕೆ ನಮ್ಮ ಹಳೆಯ ಮಾತು ದಂಡು. ಕರ್ನಾಟಕದಲ್ಲಿ ದಂಡು ಮಂಡಳಿ ಇರುವುದು ಬೆಳಗಾವಿಯಲ್ಲಿ. ಬೆಂಗಳೂರಿನಲ್ಲಿ 'ದಂಡು' ಎಂಬುದು ರೈಲು ನಿಲ್ದಾಣದ ಹೆಸರಾಗಿ ಉಳಿದಿದೆಯಷ್ಟೇ. 1949ರಲ್ಲೇ ಪೇಟೆ ಮತ್ತು ದಂಡು ಎರಡೂ ಸೇರಿ ಒಂದು ನಗರಪಾಲಿಕೆಯಾದವು. ಸೇನೆಯ ಜಮೀನು ಅಲ್ಲಲ್ಲಿ ಇದೆ ಅನ್ನುವುದು ಬೇರೆ ಮಾತು. ದಂಡು ಪ್ರದೇಶವಾದ ಮಾತ್ರಕ್ಕೆ ಅಲ್ಲಿ ಸೇನಾಡಳಿತ ನಡೆಯುವುದಿಲ್ಲ. ಬೆಳಗಾವಿಯ ಕ್ಯಾಂಪ್ ಭಾಗದಲ್ಲೂ ಕಳ್ಳತನವಾದರೆ ದೂರು ಹೋಗುವುದು ರಾಜ್ಯ ಪೊಲೀಸ್ ಠಾಣೆಗೇ. ದಂಡು ಪ್ರದೇಶಗಳ ಕಾಯ್ದೆ 2006ರ ಉಲ್ಲಂಘನೆಗೆ ವಾರಂಟ್ ಇಲ್ಲದೆ ಬಂಧಿಸುವ ಅವಕಾಶ ಇರುವುದೂ ಅಲ್ಲಿ ನೇಮಕವಾದ ಪೊಲೀಸರಿಗೆ. ಇದ್ದಕ್ಕಿದ್ದಂತೆ ರಸ್ತೆಗೆ ಗೇಟು ಹಾಕಿಬಿಟ್ಟರು ಎಂಬ ದೂರಿಗೂ ಉತ್ತರ ಅದೇ ಕಾಯ್ದೆಯ 258ನೇ ಸೆಕ್ಷನ್‌ನಲ್ಲಿದೆ: ರಸ್ತೆಯನ್ನು ಶಾಶ್ವತವಾಗಿ ಮುಚ್ಚಲು ಭದ್ರತೆಯ ಕಾರಣ ಇರಬೇಕು, ಸಾರ್ವಜನಿಕ ಸೂಚನೆ ಹೊರಡಿಸಿ ಆಕ್ಷೇಪ ಕೇಳಬೇಕು. ಆ ಸೂಚನೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಗೇಟಿನ ಮುಂದೆ ನಿಂತ ಜವಾನನ ಬಳಿ ಕೂಗಾಡಿದರೆ ಅವನು ತಾನೇ ಏನು ಮಾಡಿಯಾನು?

ಗೇಟು ಮತ್ತು ಒಳಗಿನ ಜಾಗ. ಇಲ್ಲಿ ಆಟದ ನಿಯಮ ಬೇರೆ. ಒಳಗೆ ಬಿಡುವುದು ಬಿಡದಿರುವುದು ಅವರ ಇಷ್ಟ. ಬ್ಯಾಗು ತೋರಿಸಿ, ಡಿಕ್ಕಿ ತೆರೆಯಿರಿ, ಫೋನ್ ಇಲ್ಲೇ ಇಡಿ ಎನ್ನುವುದು ಪ್ರವೇಶದ ಷರತ್ತು. ಒಪ್ಪದಿದ್ದರೆ ವಾಪಸ್ ಹೋಗುವ ಸ್ವಾತಂತ್ರ್ಯ ನಿಮ್ಮದು. ಒಳಗೂ ಹೋಗಬೇಕು, ತಪಾಸಣೆಯೂ ಬೇಡ ಅಂದರೆ ನಡೆಯದು. ಅನುಮತಿಯಿಲ್ಲದೆ ನುಗ್ಗಿದರೆ ಅದು ಅತಿಕ್ರಮ ಪ್ರವೇಶ, ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದದ್ದು) 329ನೇ ಸೆಕ್ಷನ್. ಹೊರಗೆ ಹಾಕಬಹುದು, ಪೊಲೀಸರಿಗೆ ಒಪ್ಪಿಸಬಹುದು.

ನಿಷೇಧಿತ ಸ್ಥಳ. ಸೇನಾ ನೆಲೆ, ಶಸ್ತ್ರಾಗಾರದಂಥವು ಅಧಿಕೃತ ರಹಸ್ಯಗಳ ಕಾಯ್ದೆ 1923ರ ಪ್ರಕಾರ 'ನಿಷೇಧಿತ ಸ್ಥಳ'ಗಳು. ಆ ಕಾಯ್ದೆಯ 7ನೇ ಸೆಕ್ಷನ್ ನೇರವಾಗಿ ನಿಮ್ಮನ್ನು ಕುರಿತದ್ದು. ಅಂಥ ಸ್ಥಳದ ಹತ್ತಿರ ಕಾವಲು ಅಥವಾ ಗಸ್ತಿನಲ್ಲಿರುವ ಸೇನಾ ಸಿಬ್ಬಂದಿಗೆ ಅಡ್ಡಿಪಡಿಸಿದರೆ, ಬೇಕೆಂದೇ ದಾರಿ ತಪ್ಪಿಸಿದರೆ 3 ವರ್ಷದವರೆಗೆ ಸೆರೆವಾಸ ಆಗಬಹುದು. 'ಮಿಲಿಟರಿ ಪೊಲೀಸರಿಗೆ ನಮ್ಮ ಮೇಲೆ ಅಧಿಕಾರವೇ ಇಲ್ಲ, ಗಾಡಿ ಓಡಿಸಿಕೊಂಡು ಹೋಗಿ' ಎಂದು ವಿಡಿಯೊ ಮಾಡುವವರು ಈ ಸೆಕ್ಷನ್ ಓದಿಲ್ಲ. ಕಾವಲಿನವನ ಕೈಯಲ್ಲಿ ತುಂಬಿದ ಬಂದೂಕು ಇರುತ್ತದೆ ಎಂಬುದನ್ನೂ ಅವರು ಹೇಳುವುದಿಲ್ಲ. 'ರುಕ್' ಅಂದರೆ ನಿಲ್ಲಿ, ಕೈ ಕಾಣುವಂತೆ ಇಡಿ, ಉಳಿದದ್ದೆಲ್ಲ ಆಮೇಲೆ.

ಅಶಾಂತ ಪ್ರದೇಶ. ಈಶಾನ್ಯದ ಕೆಲವು ಭಾಗ, ಜಮ್ಮು ಕಾಶ್ಮೀರದ ಕಡೆ ಕೆಲಸಕ್ಕೆ, ಪ್ರವಾಸಕ್ಕೆ ಹೋಗುವವರಿಗೆ ಇದು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಜಾರಿಯಲ್ಲಿರುವಲ್ಲಿ ಸೇನೆಯ ಅಧಿಕಾರಿಗಳೂ ನಿಗದಿತ ಕೆಳದರ್ಜೆಯವರೂ ನಾಗರಿಕರನ್ನು ವಾರಂಟ್ ಇಲ್ಲದೆ ಬಂಧಿಸಬಹುದು, ಮನೆ ಶೋಧಿಸಬಹುದು. ಬಂಧಿಸಿದವರನ್ನು ಆದಷ್ಟು ಬೇಗ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಎಂಬುದು 1958ರ ಕಾಯ್ದೆಯ 5ನೇ ಸೆಕ್ಷನ್. ಅಲ್ಲಿ ಈ ಲೇಖನದ ಉಳಿದ ಭಾಗವನ್ನು ನೆಚ್ಚಿಕೊಳ್ಳಬೇಡಿ.

ಹಂತ 4: ಕೇಳಿದ್ದಕ್ಕೆ ತಕ್ಕ ಉತ್ತರ ಕೊಡಿ

ಫೋನ್ ಕೊಡು ಅಂದರೆ: ವಸ್ತು ಜಪ್ತಿ ಮಾಡುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ ಪೊಲೀಸ್ ಅಧಿಕಾರಿಗೆ ಇದೆ. (2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು ಈ ಸಂಹಿತೆ. ಇನ್ನು ಮುಂದೆ 'ಸುರಕ್ಷಾ ಸಂಹಿತೆ' ಎನ್ನುತ್ತೇನೆ.) ಮಿಲಿಟರಿ ಪೊಲೀಸರಿಗೆ ಆ ಅಧಿಕಾರ ಅದು ಕೊಟ್ಟಿಲ್ಲ. ಆದರೆ ನಿಷೇಧಿತ ಸ್ಥಳದ ಫೋಟೊ ತೆಗೆದದ್ದು ನಿಜವಾದರೆ ಫೋಟೊವೇ ಅಪರಾಧಕ್ಕೆ ಸಾಕ್ಷಿ ಆಗಬಹುದು. ಹೀಗೆ ಹೇಳಿ: "ಫೋನನ್ನು ಪೊಲೀಸರ ಮುಂದೆಯೇ ಕೊಡುತ್ತೇನೆ, ಅವರನ್ನು ಕರೆಸಿ." ಗಾಬರಿಯಲ್ಲಿ ಅಲ್ಲೇ ಅಳಿಸಿಹಾಕಬೇಡಿ. ಸಾಕ್ಷ್ಯ ನಾಶ ಮಾಡಿದಿರಿ ಎಂಬ ಹೊಸ ಆರೋಪ ಅಂಟಿಕೊಳ್ಳುತ್ತದೆ. ಅಳಿಸು ಎಂದು ಅವರೇ ಹೇಳಿದರೆ ಹೇಳಿದವರ ಹೆಸರು, ಸಮಯ ಗುರುತಿಟ್ಟುಕೊಳ್ಳಿ.

ದಂಡ ಕಟ್ಟು ಅಂದರೆ: ಕಟ್ಟಬೇಡಿ. ನಾಗರಿಕನಿಂದ ಸ್ಥಳದಲ್ಲೇ ನಗದು ದಂಡ ವಸೂಲಿ ಮಾಡುವ ಅಧಿಕಾರ ಅವರಿಗಿಲ್ಲ. ರಸೀದಿ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಬಿಳಿ ಹಾಳೆಗೆ ಸಹಿ ಹಾಕು, ತಪ್ಪೊಪ್ಪಿಗೆ ಬರೆದುಕೊಡು ಅಂದರೆ: ಬೇಡ. 'ಬರೆದುಕೊಟ್ಟು ಹೋಗಿಬಿಡು' ಎನ್ನುವ ಮಾತು ಮೃದುವಾಗಿ ಕೇಳುತ್ತದೆ. ಓದುಗರ ಪತ್ರಗಳಲ್ಲಿ ನಾನು ಕಂಡ ಅತಿ ದುಬಾರಿ ತಪ್ಪು ಇದೇ. ಏನಾದರೂ ಬರೆಯಲೇಬೇಕಾಗಿ ಬಂದರೆ ನಡೆದದ್ದನ್ನಷ್ಟೇ, ನಿಮಗೆ ಬರುವ ಭಾಷೆಯಲ್ಲಿ, ಸಮಯ ಸಹಿತ ಬರೆದು, ಕೆಳಗೆ ಜಾಗ ಬಿಡದೆ ಸಹಿ ಹಾಕಿ.

ಜೀಪು ಹತ್ತು ಅಂದರೆ: "ನನ್ನನ್ನು ಬಂಧಿಸುತ್ತಿದ್ದೀರಾ? ಯಾವ ಕಾರಣಕ್ಕೆ?" ಅಂತ ಒಮ್ಮೆ ಸ್ಪಷ್ಟವಾಗಿ ಕೇಳಿ. ಇಲ್ಲ ಅಂದರೆ ಹೋಗುತ್ತೇನೆ ಎಂದು ಹೇಳಿ ಹೊರಡಬಹುದು. ಹೌದು ಅಂದರೆ ಮುಂದಿನ ಹಂತಕ್ಕೆ ಬನ್ನಿ.

ಏನೇ ಆದರೂ ಕೈ ಮಾಡಬೇಡಿ, ತಳ್ಳಬೇಡಿ. ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರನ ಮೇಲೆ ಹಲ್ಲೆ ಎಂಬುದು ನ್ಯಾಯ ಸಂಹಿತೆಯ 132ನೇ ಸೆಕ್ಷನ್, 2 ವರ್ಷದವರೆಗೆ ಶಿಕ್ಷೆ. ನಿಮ್ಮ ಕಡೆಗಿದ್ದ ನ್ಯಾಯ ಒಂದು ತಳ್ಳಾಟದಲ್ಲಿ ಆ ಕಡೆಗೆ ಹೋಗುತ್ತದೆ.

ಹಂತ 5: ಹಿಡಿದು ಕೂರಿಸಿದರೆ ಗಡಿಯಾರ ನೋಡಿ

ಮಿಲಿಟರಿ ಪೊಲೀಸರು ನಾಗರಿಕನನ್ನು ಹಿಡಿಯಲೇಬಾರದೆಂದಲ್ಲ. ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ 'ಖಾಸಗಿ ವ್ಯಕ್ತಿಯಿಂದ ಬಂಧನ'ದ ಬಗ್ಗೆ ಇದೆ. ನಿಮಗಿರುವ, ನನಗಿರುವ ಅಧಿಕಾರ ಅದು, ಅವರಿಗೂ ಇದೆ. ಷರತ್ತುಗಳು ಬಿಗಿಯಾಗಿವೆ. ಅಪರಾಧ ಹಿಡಿಯುವವನ ಕಣ್ಣೆದುರೇ ನಡೆದಿರಬೇಕು. ಅದು ಜಾಮೀನುರಹಿತವೂ ಸಂಜ್ಞೇಯವೂ ಆಗಿರಬೇಕು (ಸಂಜ್ಞೇಯ ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ). ಅಥವಾ ಹಿಡಿದದ್ದು ನ್ಯಾಯಾಲಯ ಘೋಷಿಸಿದ ತಲೆಮರೆಸಿಕೊಂಡ ಅಪರಾಧಿಯನ್ನಾಗಿರಬೇಕು. ಹಿಡಿದ ಮೇಲೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ಸಿಆರ್‌ಪಿಸಿಯಲ್ಲಿ ಈ 6 ಗಂಟೆಯ ಗಡುವು ಇರಲಿಲ್ಲ, ಹೊಸದಾಗಿ ಸೇರಿದ್ದು. ಇನ್ನೂ ಹಳೆಯ ಪುಸ್ತಕ ಹಿಡಿದು ಸಲಹೆ ಕೊಡುವವರಿದ್ದಾರೆ, ಎಚ್ಚರ.

ಅಲ್ಲಿ ಕೂತಿರುವಾಗ ಮಾಡಬೇಕಾದದ್ದು ಇಷ್ಟು. ತಡೆದ ಹೊತ್ತು ನೆನಪಿಡಿ. ಮನೆಯವರಿಗೆ ಅಥವಾ 112ಕ್ಕೆ ಕರೆ ಮಾಡಿ, ಜಾಗ ಹೇಳಿ. 112ರ ಕರೆಗೆ ದಾಖಲೆ ಉಳಿಯುವುದರಿಂದ ಅದೇ ಮೇಲು. "ನನ್ನನ್ನು ಪೊಲೀಸರಿಗೆ ಒಪ್ಪಿಸಿ" ಎಂದು ಮತ್ತೆ ಮತ್ತೆ, ದನಿ ಏರಿಸದೆ ಹೇಳಿ. ಠಾಣೆಗೆ ಹೋಗುವುದೆಂದರೆ ಜನ ಹೆದರುತ್ತಾರೆ. ಈ ಸಂದರ್ಭದಲ್ಲಿ ಮಾತ್ರ ಠಾಣೆಯೇ ನಿಮಗೆ ಸುರಕ್ಷಿತ, ಯಾಕೆಂದರೆ ಕಾರಣ ತಿಳಿಸುವುದು, ವಕೀಲರ ಭೇಟಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು, ಸಂವಿಧಾನದ 22ನೇ ವಿಧಿಯ ಈ ಎಲ್ಲ ರಕ್ಷಣೆಗೂ ಅಲ್ಲಿ ಕಾಗದ ಹುಟ್ಟುತ್ತದೆ.

6 ಗಂಟೆ ದಾಟಿದರೂ ಮನುಷ್ಯ ಎಲ್ಲಿದ್ದಾನೆಂದು ತಿಳಿಯದಿದ್ದರೆ ಮನೆಯವರು ಠಾಣೆಗೆ ಲಿಖಿತ ದೂರು ಕೊಟ್ಟು, ವಕೀಲರ ಮೂಲಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ ಸಿದ್ಧರಾಗಬೇಕು. ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ ಅದು.

ಗಲಭೆಯ ಹೊತ್ತಿಗೆ ಒಂದು ಅಪವಾದ ಇದೆ. ಗುಂಪು ಚದುರಿಸಲು ಮ್ಯಾಜಿಸ್ಟ್ರೇಟರು ಸೇನೆಯನ್ನು ಕರೆಸಿದರೆ ಸುರಕ್ಷಾ ಸಂಹಿತೆಯ 149ನೇ ಸೆಕ್ಷನ್ ಪ್ರಕಾರ ಗುಂಪಿನಲ್ಲಿರುವವರನ್ನು ಬಂಧಿಸಬಹುದು. ಮ್ಯಾಜಿಸ್ಟ್ರೇಟರನ್ನು ಸಂಪರ್ಕಿಸಲಾಗದಷ್ಟು ತುರ್ತಿದ್ದರೆ 150ರ ಪ್ರಕಾರ ಸೇನಾಧಿಕಾರಿಯೇ ನಿರ್ಧರಿಸಬಹುದು. ಅಂಥ ಜಾಗದಲ್ಲಿ ಕುತೂಹಲಕ್ಕೆ ನಿಲ್ಲಬೇಡಿ.

ಹಂತ 6: ರಜೆ ಮೀರಿದ ಸೈನಿಕನನ್ನು ಹುಡುಕಿ ಮನೆಗೆ ಬಂದರೆ

ಕೊಡಗು, ಬೆಳಗಾವಿ, ಹಾಸನದ ಕಡೆಯಿಂದ ಹೆಚ್ಚು ಬರುವ ಪ್ರಶ್ನೆ ಇದು. ರಜೆ ಮುಗಿದರೂ ವಾಪಸಾಗದವರನ್ನು ಸೇನೆಯಲ್ಲಿ 'ಓಎಸ್‌ಎಲ್' ಎನ್ನುತ್ತಾರೆ, ಸೇನಾ ಕಾಯ್ದೆಯ 39ನೇ ಸೆಕ್ಷನ್. ಹಿಂದಿರುಗುವ ಉದ್ದೇಶವೇ ಇಲ್ಲದೆ ಬಿಟ್ಟುಹೋದರೆ 38ನೇ ಸೆಕ್ಷನ್, ಬಾಯಿಮಾತಲ್ಲಿ 'ಭಗೋಡಾ'. ಎರಡರ ನಡುವೆ ಶಿಕ್ಷೆಯಲ್ಲಿ ಆಕಾಶ ಭೂಮಿಯ ಅಂತರ. 30 ದಿನ ಗೈರುಹಾಜರಾದರೆ ಘಟಕದಲ್ಲಿ ವಿಚಾರಣಾ ಮಂಡಳಿ ಕೂರುತ್ತದೆ (106ನೇ ಸೆಕ್ಷನ್).

ಘಟಕದ ಕಮಾಂಡಿಂಗ್ ಅಧಿಕಾರಿ ಊರಿನ ವ್ಯಾಪ್ತಿಯ ನಾಗರಿಕ ಅಧಿಕಾರಿಗಳಿಗೆ ಲಿಖಿತ ಮಾಹಿತಿ ಕಳುಹಿಸುತ್ತಾರೆ. ಇದನ್ನು 'ಅಪ್ರಹೆನ್ಶನ್ ರೋಲ್' ಎನ್ನುವುದು ರೂಢಿ. 105ನೇ ಸೆಕ್ಷನ್ ಪ್ರಕಾರ ರಾಜ್ಯ ಪೊಲೀಸರು ಅಂಥವನನ್ನು ವಾರಂಟ್ ಇಲ್ಲದೆ ಹಿಡಿದು ಸೇನೆಗೆ ಒಪ್ಪಿಸಬಹುದು. ಸೈನಿಕನ ಮೇಲೆ ಮಿಲಿಟರಿ ಪೊಲೀಸರಿಗೂ ಅಧಿಕಾರ ಇದ್ದೇ ಇದೆ. ಪ್ರಶ್ನೆ ಇರುವುದು ನಿಮ್ಮ ಮನೆಯ ಬಾಗಿಲ ಮೇಲೆ. ಬಂಧಿಸಬೇಕಾದವನನ್ನು ಹುಡುಕಿ ಮನೆಯೊಳಗೆ ಬರುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ 44ನೇ ಸೆಕ್ಷನ್ ಕೊಟ್ಟಿರುವುದು ಬಂಧನ ವಾರಂಟ್ ಹಿಡಿದವರಿಗೆ ಮತ್ತು ಬಂಧಿಸುವ ಅಧಿಕಾರವಿರುವ ಪೊಲೀಸ್ ಅಧಿಕಾರಿಗೆ. ಹಾಗಾಗಿ ಮಿಲಿಟರಿ ಪೊಲೀಸರು ಮಾತ್ರ ಬಂದಿದ್ದರೆ ಜಗುಲಿಯಲ್ಲಿ ಕೂರಿಸಿ ನೀರು ಕೊಡಿ, "ಠಾಣೆಯವರ ಜೊತೆ ಬನ್ನಿ, ಬಾಗಿಲು ತೆರೆಯುತ್ತೇನೆ" ಅನ್ನಿ. ಜೊತೆಗೆ ಪೊಲೀಸರಿದ್ದರೆ ತಡೆಯಬೇಡಿ.

ಇನ್ನೊಂದು ಮಾತನ್ನು ಮನೆಯವರು ಕೇಳಿಸಿಕೊಳ್ಳಬೇಕು. ಸೇನೆ ಬಿಟ್ಟು ಓಡಿಬಂದವನೆಂದು ಗೊತ್ತಿದ್ದೂ ಬಚ್ಚಿಟ್ಟರೆ ನ್ಯಾಯ ಸಂಹಿತೆಯ 164ನೇ ಸೆಕ್ಷನ್ ಪ್ರಕಾರ ಅಪರಾಧ. ಗಂಡ ಅಥವಾ ಹೆಂಡತಿಗೆ ಮಾತ್ರ ಇದರಿಂದ ವಿನಾಯಿತಿ. ಅಪ್ಪ, ಅಮ್ಮ, ಅಣ್ಣ, ಸ್ನೇಹಿತರಿಗೆ ಇಲ್ಲ. 'ನಮ್ಮ ಮನೇಲಿ ಇಲ್ಲ' ಅಂತ ಸುಳ್ಳು ಹೇಳುವ ಬದಲು ಹುಡುಗನನ್ನು ಕೂರಿಸಿಕೊಂಡು ಯಾಕೆ ಹೋಗಲಿಲ್ಲ ಎಂದು ಕೇಳಿ. ಕಾಯಿಲೆಯಿದ್ದರೆ ವೈದ್ಯರ ಕಾಗದ ಜೋಡಿಸಿ, ತಾನಾಗಿ ಘಟಕಕ್ಕೋ ಹತ್ತಿರದ ಸೇನಾ ಠಾಣೆಗೋ ಹಾಜರಾಗುವಂತೆ ನೋಡಿಕೊಳ್ಳಿ. ತಾನಾಗಿ ಬಂದವನನ್ನೂ ಹಿಡಿದು ತಂದವನನ್ನೂ ಕೋರ್ಟ್ ಮಾರ್ಷಲ್, ಅಂದರೆ ಸೇನೆಯದೇ ನ್ಯಾಯಾಲಯ, ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಹಂತ 7: ಮಿತಿ ಮೀರಿದರೆ ದೂರು ಕೊಡುವುದು ಹೇಗೆ

ಅದೇ ದಿನ ನಡೆದದ್ದನ್ನು ಬರೆದಿಡಿ: ಸಮಯ, ಜಾಗ, ವಾಹನದ ಸಂಖ್ಯೆ (ಸೇನಾ ವಾಹನದ ಸಂಖ್ಯೆಯಲ್ಲಿ ಮೇಲ್ಮುಖ ಬಾಣದ ಗುರುತು ಇರುತ್ತದೆ), ಎದೆಯ ಮೇಲಿನ ಹೆಸರಿನ ಪಟ್ಟಿ, ಸಾಕ್ಷಿಗಳು. ಪೆಟ್ಟಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಮೆಡಿಕೋ ಲೀಗಲ್ ಪ್ರಕರಣವೆಂದು ದಾಖಲಿಸಿ ಎಂದು ಕೇಳಿ. ಎರಡು ದಿನ ಬಿಟ್ಟು ಹೋದರೆ ಗಾಯ ಎಲ್ಲಿ ಬೇಕಾದರೂ ಆಗಿರಬಹುದು.

ಕಾನೂನಿಲ್ಲದೆ ತಡೆದು ನಿಲ್ಲಿಸುವುದು ನ್ಯಾಯ ಸಂಹಿತೆಯ 126, ಕೂಡಿಹಾಕುವುದು 127. ಠಾಣೆಯಲ್ಲಿ 'ಮಿಲಿಟರಿಯವರ ಮೇಲೆ ನಾವು ತಗೊಳಲ್ಲ' ಎಂಬ ಉತ್ತರ ಬರಬಹುದು. ಅದು ಸರಿಯಲ್ಲ. ಕರ್ತವ್ಯದ ಕೃತ್ಯಕ್ಕಾಗಿ ಸೇನಾ ಸಿಬ್ಬಂದಿಯನ್ನು ಬಂಧಿಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು (ಸುರಕ್ಷಾ ಸಂಹಿತೆಯ 42ನೇ ಸೆಕ್ಷನ್), ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಮಂಜೂರಾತಿ ಬೇಕು (ಅದರದೇ 218ನೇ ಸೆಕ್ಷನ್). ದೂರು ದಾಖಲಿಸಲು ಯಾವ ಒಪ್ಪಿಗೆಯೂ ಬೇಡ. ಮಂಜೂರಾತಿಯ ಬಗ್ಗೆ 120 ದಿನದೊಳಗೆ ನಿರ್ಧರಿಸದಿದ್ದರೆ ಕೊಟ್ಟಂತೆಯೇ ಎಂದು ಅದೇ ಸಂಹಿತೆ ಹೇಳುತ್ತದೆ. ಠಾಣೆ ಒಪ್ಪದಿದ್ದರೆ 173(4)ರ ಪ್ರಕಾರ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಜೊತೆಗೇ ಒಂದು ಪ್ರತಿಯನ್ನು ಆ ಸ್ಥಳದ ಸ್ಟೇಷನ್ ಕಮಾಂಡರ್‌ಗೆ, ಅಂದರೆ ಆ ಸೇನಾ ನೆಲೆಯ ಆಡಳಿತದ ಮುಖ್ಯಸ್ಥರಿಗೆ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಸಣ್ಣಪುಟ್ಟ ವಿಷಯಗಳಲ್ಲಿ ಠಾಣೆಗಿಂತ ಇಲ್ಲೇ ಬೇಗ ಕೆಲಸವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ತಮ್ಮವರ ಅಶಿಸ್ತನ್ನು ಸೇನೆ ಹಗುರವಾಗಿ ನೋಡುವುದಿಲ್ಲ. ಅಪರಾಧಿಯನ್ನು ಕ್ರಿಮಿನಲ್ ನ್ಯಾಯಾಲಯ ವಿಚಾರಿಸಬೇಕೋ ಕೋರ್ಟ್ ಮಾರ್ಷಲ್ಲೋ ಎಂಬ ಆಯ್ಕೆ ಸೇನಾ ಕಾಯ್ದೆಯ 125ನೇ ಸೆಕ್ಷನ್‌ನಲ್ಲಿ ಸೇನಾಧಿಕಾರಿಗೆ ಇದೆ. ಆದರೆ ಬಲಿಯಾದವರು ನಾಗರಿಕರಾಗಿದ್ದು ಕೊಲೆ, ಅತ್ಯಾಚಾರದಂಥ ಪ್ರಕರಣವಾದರೆ, ಸಕ್ರಿಯ ಸೇವೆ, ವಿದೇಶ ಅಥವಾ ಅಧಿಸೂಚಿತ ಗಡಿ ಠಾಣೆ ಹೊರತು, ಕೋರ್ಟ್ ಮಾರ್ಷಲ್ ನಡೆಸುವಂತಿಲ್ಲ (70ನೇ ಸೆಕ್ಷನ್).

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು. ಸೇನೆಯ ವಿಷಯದಲ್ಲಿ ಅದು ತಾನೇ ತನಿಖೆ ಮಾಡುವುದಿಲ್ಲ, ಕೇಂದ್ರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡುತ್ತದೆ. ಘಟನೆಯಾಗಿ 1 ವರ್ಷ ದಾಟಿದರೆ ದೂರು ತೆಗೆದುಕೊಳ್ಳುವುದಿಲ್ಲ.

ದೂರು ದಾಖಲಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 90 ದಿನ ಎಣಿಸಿ. ಅಷ್ಟರೊಳಗೆ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು ನಿಮಗೆ ತಿಳಿಸಬೇಕು (ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್). ತಿಳಿಸದಿದ್ದರೆ 91ನೇ ದಿನ ಎಫ್‌ಐಆರ್ ಪ್ರತಿ ಹಿಡಿದು ನೀವೇ ಠಾಣೆಗೆ ಹೋಗಿ ಕೇಳಿ.